ಬ್ಯಾರನ್ನಿನ ಗಾಳಿಕಿಂಡಿ

ನಮ್ಮ ಯಜಮಾನರಿಗೆ ಬೀಡಿ ಬಿಡಿಸಲೇಬೇಕೆಂದು ಹಟ ಹಿಡಿದು ಅವರನ್ನು ಅರಕಲಗೂಡಿನಿಂದ ಹಾಸನದ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದೆ. ಸ್ವಲ್ಪ ಏರು ಹತ್ತಿದರೂ ಏದುಸಿರು. ಕೇಳಿದರೆ "ವಯಸ್ಸಾಯ್ತು ಕಣಮ್ಮಿ" ಎನ್ನುತ್ತಿದ್ದರು. ಆ ದಿನವೂ ಬಸ್ಸಿಳಿದವರು ಆಸ್ಪತ್ರೆಯ ಗೇಟಿನಲ್ಲೇ ಬೀಡಿ ಹಚ್ಚಿದರು. ಕಿತ್ತು ಎಸೆಯಬೇಕು ಅನ್ನಿಸಿತು. ನಾಲ್ಕು ಜನರೆದುರು ಗಂಡನ ಮರ್ಯಾದೆ ಎಂದು ಹಲ್ಲು ಕಚ್ಚಿಕೊಂಡೆ. ಅದನ್ನು ಕಾಯುವ ಕೆಲಸವೂ ನನ್ನದೇ ತಾನೆ.

ಒಳಗೆ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು ಊದಲು ಹೇಳಿದರು. ನಮ್ಮದು ಹೊಗೆಸೊಪ್ಪಿನ ಬೇಸಾಯ. ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಮನೆಗೆ ಬ್ಯಾರನ್ ಅಂತೀವಿ; ಅದರ ಒಲೆ ಊದಿ ಅಭ್ಯಾಸವಾದ ಬಾಯಿ ಅವರದು. ಕೆನ್ನೆ ಉಬ್ಬಿಸಿ ಭುಸ್ಸೆಂದು ಒಂದು ಸಲ ಊದಿ, ಗೆದ್ದವರಂತೆ ಕೊಳವೆ ತೆಗೆದರು.

"ಹಾಗಲ್ಲ ಯಜಮಾನ್ರೇ, ಎದೆ ಖಾಲಿಯಾಗೋವರೆಗೂ ಊದ್ತಾನೇ ಇರಿ" ಎಂದಳು ಪರೀಕ್ಷೆ ಮಾಡುವ ಹುಡುಗಿ.

ಮತ್ತೆ ಊದಿದರು. ಮುಖ ಕೆಂಪಾಯಿತು, ಕತ್ತಿನ ನರ ಎದ್ದಿತು. ಪರದೆಯ ಮೇಲೆ ಗೆರೆ ಜೋರಾಗಿ ಏರಿ, ಇಳಿಯುವಾಗ ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದಂತೆ ಬಗ್ಗಿತು.

ಡಾಕ್ಟರು ಅದನ್ನೇ ತೋರಿಸಿದರು. "ಊದೋಕೆ ಶುರು ಮಾಡಿದಾಗ ರಭಸ ಚೆನ್ನಾಗಿದೆ. ಆದರೆ ಆಮೇಲೆ ಗಾಳಿ ತೀರಾ ನಿಧಾನ. ಒಳಗಿನ ಸಣ್ಣ ಸಣ್ಣ ಕೊಳವೆಗಳು ಮುಚ್ಚಿಕೊಳ್ತಿರೋ ಹಾಗಿದೆ. ಈಗಲೇ ಬೀಡಿ ಬಿಟ್ಟರೆ ಇನ್ನೂ ಕೆಡದ ಹಾಗೆ ತಡೀಬಹುದು."

"ಚೆನ್ನಾಗೈತೆ ಅಂದ್ರಲ್ಲ ಸಾ, ಅಷ್ಟು ಸಾಕು ಬುಡಿ" ಎಂದು ಇವರು ಎದ್ದೇಬಿಟ್ಟರು. ಉಳಿದದ್ದೆಲ್ಲ ನನಗೊಬ್ಬಳಿಗೇ ಹೇಳಿದಂತಾಯಿತು. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಬ್ಯಾರನ್ ನೋಡಿಕೊಳ್ಳುವ ಆಳಿನ ಫೋನು ಬಂತು. ಚಳಿಗಾಳಿ ಎಂದು ಆತ ಮೇಲಿನ ಗಾಳಿಕಿಂಡಿಗಳನ್ನು ಮುಚ್ಚಿದ್ದನಂತೆ. ಇವರು ಆಗಷ್ಟೇ ಬೀಡಿ ಹಚ್ಚಿದ್ದರು. ಕೆಮ್ಮುತ್ತಲೇ ರೇಗಿದರು.

"ಕಿಂಡಿ ಮುಚ್ಬುಟ್ಯೇನ್ಲಾ? ಒಳಗಿನ್ ಆವಿ ಎಲ್ಲಿಗ್ಲಾ ಓಗ್ಬೇಕು? ಸೊಪ್ಪೆಲ್ಲಾ ಕರ್ರಗಾಯ್ತದೆ ಕಣ್ಲಾ, ಓಗಿ ತೆಗಿ ಮೊದ್ಲು!"

ಎಲೆಯ ಮೇಲಿನ ಈ ಅಕ್ಕರೆ ಕಂಡು ನನ್ನ ಹೊಟ್ಟೆ ಉರಿಯಿತು. ಅದರಲ್ಲಿ ಕಾಲು ಪಾಲು ತಮ್ಮ ಎದೆಯ ಮೇಲಿದ್ದಿದ್ದರೂ ಸಾಕಿತ್ತು.

"ನಿಮ್ಮೆದೆ ಒಳಗಿನ್ ಕಿಂಡಿ ಮುಚ್ಕೊಂಡ್ ಬತ್ತಾ ಐತಂತಲ್ಲ, ಅದ್ನ ಯಾರು ತೆಗೀತಾರೆ?" ಎಂದೆ.

ಇವರು ಫೋನಿಗೆ ಕೈ ಅಡ್ಡ ಹಿಡಿದು, ಬೀಡಿಯ ಬೂದಿ ಕೊಡವಿದರು.

"ಸುಮ್ಕಿರಮ್ಮಿ, ಅಲ್ಲಿ ಸೊಪ್ಪು ಕೆಟ್ಟೋಯ್ತಾ ಐತೆ."