ಮದುವೆಯಾಗಿಲ್ಲವೆಂಬುದಕ್ಕೊಂದು ಮಹಜರು

ಅರ್ಜಿ ನಮೂನೆಗಳನ್ನು ತುಂಬುವಾಗ ನನಗೆ ಬಹುಕಾಲ ಪ್ರಿಯವಾಗಿದ್ದ ಸಾಲೆಂದರೆ 'ವಿವಾಹಿತ / ಅವಿವಾಹಿತ: ಅನ್ವಯಿಸದ್ದನ್ನು ಹೊಡೆದುಹಾಕಿ' ಎಂಬುದು. ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಇವೆಲ್ಲ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ತಪ್ಪದಂತೆ ಬರೆಯಬೇಕಾದ ಸಂಗತಿಗಳು. ಇದೊಂದು ಮಾತ್ರ ಪೆನ್ನನ್ನು ಎಡದಿಂದ ಬಲಕ್ಕೆ ಅರ್ಧ ಅಂಗುಲ ಎಳೆದರೆ ಮುಗಿಯುವ ಕೆಲಸ. ಮೂವತ್ತೊಂದನೆಯ ವಯಸ್ಸಿನವರೆಗೆ ಎಷ್ಟೋ ಅರ್ಜಿಗಳಲ್ಲಿ ನಾನು 'ವಿವಾಹಿತ' ಎಂಬ ಪದವನ್ನು ಹೀಗೆ ಹೊಡೆದುಹಾಕಿದ್ದೆ; ಯಾರೊಬ್ಬರೂ ಇದಕ್ಕೆ ಸಾಕ್ಷಿ ಏನೆಂದು ಕೇಳಿರಲಿಲ್ಲ. ಕೇಳದಿದ್ದುದು ಒಮ್ಮೊಮ್ಮೆ ಮನಸ್ಸಿಗೆ ಚುಚ್ಚುತ್ತಲೂ ಇತ್ತು. ನನ್ನ ಮುಖ ಕಂಡೊಡನೆಯೇ ಅವರಿಗೆ ಖಾತ್ರಿಯಾಗುತ್ತಿತ್ತೆಂದು ತಾನೆ ಅದರ ಅರ್ಥ?

ಸಾಕ್ಷಿ ಕೇಳುವವರು ಕೊನೆಗೂ ಸಿಕ್ಕಿದ್ದು ಫಿಲಿಪೀನ್ಸ್ ದೇಶದಲ್ಲಿ. ಪಾಂಡವಪುರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನು ಕುದಿಸಿ ಹರಳುಗಟ್ಟಿಸುವ ವಿದ್ಯೆ ಕಲಿತವನು ನಾನು. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿಯ ದ್ವೀಪವೊಂದರ ಕಾರ್ಖಾನೆಗೆ ಅಂಥವರು ಬೇಕಾಗಿದ್ದರು, ಹೋದೆ. ಸಮುದ್ರ ದಾಟಿ ಹೋದವನಿಗೆ ಕಣ್ಣಿಗೆ ಬಿದ್ದದ್ದು ಮತ್ತದೇ ಕಬ್ಬಿನ ಗದ್ದೆ, ಮತ್ತದೇ ಗಾಡಿಗಳ ಸಾಲು, ಮತ್ತದೇ ಮೊಲಾಸಿಸ್ಸಿನ ವಾಸನೆ. ಇಷ್ಟಕ್ಕಾಗಿ ಪಾಸ್‌ಪೋರ್ಟು ಮಾಡಿಸಬೇಕಿತ್ತೇ ಎಂದು ಮೊದಲ ವಾರವೆಲ್ಲ ಅನ್ನಿಸಿತು. ಎರಡನೆಯ ವಾರ ಅಲ್ಲಿಯ ಪ್ರಯೋಗಾಲಯದ ಲೋರ್ನಾ ಎಂಬಾಕೆ ನಾನು ಕಳಿಸಿದ ರಸದ ಮಾದರಿಯನ್ನು ದೋಷಯುಕ್ತವೆಂದು ತಿರಸ್ಕರಿಸಿ ಹಿಂದಕ್ಕೆ ಕಳಿಸಿದಳು. ಮುಂದಿನ ಎರಡು ವರ್ಷ ಅವಳು ತಿರಸ್ಕರಿಸುವುದೂ ನಾನು ಖುದ್ದಾಗಿ ಹೋಗಿ ಸಮಜಾಯಿಷಿ ಕೊಡುವುದೂ ನಡೆದು, ಕಡೆಗೊಂದು ದಿನ ಇಬ್ಬರೂ ಮದುವೆಯಾಗುವುದೆಂದು ನಿಶ್ಚಯಿಸಿದೆವು.

ಆ ದೇಶದ ಕಾನೂನಿನ ಪ್ರಕಾರ ಪರದೇಶಿ ವರನು ತನಗೆ 'ವಿವಾಹವಾಗಲು ಕಾನೂನುಬದ್ಧ ಸಾಮರ್ಥ್ಯ' ಇದೆಯೆಂದು ತನ್ನ ದೇಶದ ರಾಯಭಾರ ಕಚೇರಿಯಿಂದ ಪತ್ರ ತರಬೇಕು. ಮನಿಲಾದ ನಮ್ಮ ಅಧಿಕಾರಿಗಳು ಬಹಳ ಸೌಜನ್ಯದಿಂದಲೇ ವಿವರಿಸಿದರು: ನೀವು ಅವಿವಾಹಿತರೆಂದು ನಾವು ಹೇಳಬೇಕಾದರೆ ಮೊದಲು ನಿಮ್ಮ ಊರಿನವರು ನಮಗೆ ಹೇಳಬೇಕು, ಈವರೆಗೆ ವಾಸವಿದ್ದ ಎಲ್ಲ ಕಡೆಗಳಿಂದಲೂ ಪತ್ರ ತನ್ನಿ. ತಕರಾರು ತೆಗೆಯುವಂಥ ಮಾತೇನಲ್ಲ. ಆದರೆ ಲೋರ್ನಾಳ ತಂದೆ, ನಿವೃತ್ತ ಶಾಲಾ ಮಾಸ್ತರರು, ಪರಂಗಿ ಹಣ್ಣು ಹೆಚ್ಚುತ್ತ ಅಷ್ಟೇ ಸೌಜನ್ಯದಿಂದ ಇನ್ನೊಂದು ಮಾತು ಸೇರಿಸಿದರು. ಈ ಪತ್ರ ತರುತ್ತೇನೆಂದು ಊರಿಗೆ ಹೋದ ಇಬ್ಬರು ಪರದೇಶಿಗಳನ್ನು ಅವರು ಬಲ್ಲರಂತೆ, ಇಬ್ಬರೂ ಹಿಂದಿರುಗಲಿಲ್ಲವಂತೆ. ಊರಿನಲ್ಲಿ ಹೆಂಡತಿ ಇದ್ದವನಿಗೆ ಮಾತ್ರ ಈ ಪತ್ರ ಸಿಗುವುದಿಲ್ಲವೆಂಬುದು ಅವರ ಅನುಭವ. ನನಗೆ ನಾಲ್ಕು ವಾರ ರಜೆ ಸಿಕ್ಕಿತು. ರಜೆ ಮುಗಿದ ಹತ್ತನೆಯ ದಿನಕ್ಕೆ ಮದುವೆ ಗೊತ್ತಾಯಿತು. ಪತ್ರವಿಲ್ಲದೆ ಬರಿಗೈಯಲ್ಲಿ ಹಿಂದಿರುಗಿದರೆ ಮದುವೆ ನಿಲ್ಲುವುದಷ್ಟೇ ಅಲ್ಲ, ಮಾಸ್ತರರ ಅನುಭವಕ್ಕೆ ಮೂರನೆಯ ಉದಾಹರಣೆಯಾಗಿ ನಾನು ಶಾಶ್ವತವಾಗಿ ಉಳಿದುಬಿಡುತ್ತಿದ್ದೆ.

ನಡೆದದ್ದನ್ನು ಸಾಧಿಸಿ ತೋರಿಸುವುದು ಸುಲಭ. ನಡೆಯದ್ದನ್ನು ತೋರಿಸುವುದು ಹೇಗೆಂದು ನಾನು ಅದುವರೆಗೆ ಯೋಚಿಸಿದವನಲ್ಲ. ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಅಂಚಿನ ಹಳ್ಳಿಯಲ್ಲಿ, ಹೈಸ್ಕೂಲು ಓದಿದ್ದು ಸೋದರತ್ತೆಯ ಮನೆಯಲ್ಲಿದ್ದುಕೊಂಡು ಶ್ರೀರಂಗಪಟ್ಟಣದಲ್ಲಿ, ಕೆಲಸ ಪಾಂಡವಪುರದಲ್ಲಿ, ಬೇಸಗೆ ರಜೆಗಳೆಲ್ಲ ಅಮ್ಮನ ತವರಾದ ನಾಗಮಂಗಲದಲ್ಲಿ. ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದ ನನ್ನ ಬ್ರಹ್ಮಚರ್ಯವನ್ನು ಬಸ್ಸು ಹತ್ತಿ ಇಳಿದು ಒಂದುಗೂಡಿಸತೊಡಗಿದೆ. ಮೂರು ಕಡೆಯ ನೋಂದಣಿ ಕಚೇರಿಗಳವರು ದಪ್ಪ ರಿಜಿಸ್ಟರುಗಳನ್ನು ಶ್ರದ್ಧೆಯಿಂದ ಮಗುಚಿ ನೋಡಿ, 'ಸದರಿಯವರ ವಿವಾಹವು ನಮ್ಮ ದಾಖಲೆಗಳಲ್ಲಿ ಕಂಡುಬಂದಿರುವುದಿಲ್ಲ' ಎಂದು ಬರೆದುಕೊಟ್ಟರು. ಎಂಥ ಸುಂದರ ವಾಕ್ಯ! ಅದರಲ್ಲಿ ಸಣ್ಣದೊಂದು ಸಂತಾಪವೂ ಇದ್ದಂತೆ ನನಗೆ ತೋರಿತು. ಇನ್ನುಳಿದದ್ದು ಹುಟ್ಟೂರು. ಅಲ್ಲಿ ಗ್ರಾಮಲೆಕ್ಕಿಗರು ಊರಿನ ಐವರು ಪಂಚರನ್ನು ಕೂರಿಸಿಕೊಂಡು, ಅವರ ಹೇಳಿಕೆಯನ್ನು ಮಹಜರು ಎಂದು ಬರೆದುಕೊಂಡು, ರುಜು ಹಾಕಿಸಿ ತಹಶೀಲ್ದಾರರಿಗೆ ಕಳಿಸಬೇಕು. ನನ್ನನ್ನು ಕಂಡೇ ಇರದವರು ಮೂರು ಪತ್ರ ಕೊಟ್ಟಿರುವಾಗ ಎತ್ತಿ ಆಡಿಸಿದವರು ಒಂದು ಕೊಡಲಾರರೆ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಮಹಜರು ನಡೆದದ್ದು ಬೆಳಗಿನ ಹಾಲು ಅಳೆದಾದ ಮೇಲೆ, ಡೈರಿಯ ಜಗಲಿಯಲ್ಲಿ. ಗ್ರಾಮಲೆಕ್ಕಿಗರು ಹೊರ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ತರುಣ. ಹೇಳಿದ್ದನ್ನು ಹೇಳಿದಂತೆಯೇ ಬರೆಯುವ ಪ್ರಾಮಾಣಿಕ. ಪಂಚರಲ್ಲಿ ಹಿರಿಯರು ನನ್ನ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಮಾತು ನಡೆಯುತ್ತಿದ್ದುದು ಅವರ ಬಾಯಿಂದಲೇ. 'ಸದರಿಯವರಿಗೆ ಇದುವರೆಗೆ ಯಾವುದೇ ವಿವಾಹವಾಗಿರುವುದಿಲ್ಲ' ಎಂಬಲ್ಲಿಗೆ ಬಂದಾಗ ದೊಡ್ಡಪ್ಪ ಕೈಯೆತ್ತಿ ತಡೆದರು.

"ಒಸಿ ತಡೀರಿ ಸ್ವಾಮಿ. ಅಂಗ್ ಬರೀಬ್ಯಾಡಿ. ಇವ್ನಿಗೆ ಒಂದ್ ಮದ್ವೆ ಆಗೈತೆ."

ಉಳಿದ ನಾಲ್ವರೂ ತಲೆಯಾಡಿಸಿದರು. ಮಾತು ನಿಜವೇ ಆಗಿತ್ತು.

ಓದುಗರು ದಯವಿಟ್ಟು ಆತುರಪಡಬಾರದು. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ನೆಲದ ಮೇಲೆ ತಿಂಗಳ ಮಾಮನನ್ನು ರಂಗೋಲಿಯಲ್ಲಿ ಬರೆದು ಪೂಜೆ ಮಾಡಿ, ಕೊನೆಯ ದಿನ ಇಬ್ಬರು ಗಂಡುಹುಡುಗರಿಗೆ ಮದುವೆ ಮಾಡುವ ಪದ್ಧತಿಯಿದೆ. ಒಬ್ಬನಿಗೆ ಪೇಟ, ಇನ್ನೊಬ್ಬನಿಗೆ ಸೀರೆ. ಮನೆಮನೆಯಿಂದ ಎತ್ತಿದ ಅಕ್ಕಿಯಲ್ಲಿ ಊಟ. ನನಗೆ ಎಂಟು ವರ್ಷವಾಗಿದ್ದಾಗ ಅಂಥದೊಂದು ಮದುವೆ ನಮ್ಮೂರಿನಲ್ಲಿ ಆಯಿತು. ದೇವರಿಗೆ ಮುಡಿ ಕೊಡುವ ಹರಕೆ ಬಾಕಿಯಿದ್ದು ನನ್ನ ಕೂದಲು ಹೆಗಲಿಗೆ ಇಳಿದಿತ್ತಾದ್ದರಿಂದ ವಧುವಿನ ಆಯ್ಕೆಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ವರನಾದವನು ನನ್ನ ತರಗತಿಯ ನಂಜ. ಶಾಸ್ತ್ರದ ನಡುವೆ ಅವನು ನನ್ನ ಪಾಲಿನ ಬಾಳೆಹಣ್ಣನ್ನೂ ತಿಂದನೆಂಬುದನ್ನು ಬಿಟ್ಟರೆ ಆ ದಾಂಪತ್ಯದ ಬಗ್ಗೆ ನನ್ನಲ್ಲಿ ಯಾವ ಕಹಿ ನೆನಪೂ ಇಲ್ಲ. ಮೂರನೆಯ ದಿನ ಮಳೆ ಬಿತ್ತು. ಆ ವರ್ಷದ ರಾಗಿಯನ್ನು ಊರು ಇನ್ನೂ ಮರೆತಿಲ್ಲ.

ಅದು ಆಟದ ಮದುವೆಯೆಂದು ನಾನು ತೊದಲಿದೆ. ದೊಡ್ಡಪ್ಪನಿಗೆ ನೋವಾಯಿತು.

"ಆಟ ಅನ್ಬ್ಯಾಡ ಕಣ್ಲಾ. ಅವತ್ತು ದ್ಯಾವ್ರ ಮುಂದೆ ಮದ್ವೆ ಅಂದ್ಬುಟ್ಟು, ಇವತ್ತು ಸರ್ಕಾರದ ಮುಂದೆ ಆಗೇ ಇಲ್ಲ ಅಂತ ರುಜು ಆಕಿದ್ರೆ, ನಾವು ಯಾವ್ದೋ ಒಂದ್ ಕಡೆ ಸುಳ್ಳು ಯೋಳ್ದಂಗಲ್ವಾ? ಮಳೆ ಕೊಟ್ಟೋನು ಏನಂದ್ಕಂಡಾನು?"

ನಂಜನಿಗೆ ಹೇಳಿಕಳಿಸಿದರು. ಆಲೆಮನೆ ನಡೆಸುತ್ತಿದ್ದ ನಂಜೇಗೌಡ, ಎರಡು ಮಕ್ಕಳ ತಂದೆ, ಅಂಟು ಕೈಗಳನ್ನು ಒರೆಸಿಕೊಳ್ಳುತ್ತ ಬಂದು ವಿಷಯ ಕೇಳಿಸಿಕೊಂಡು ಗಂಭೀರವಾಗಿ ನನ್ನ ಭುಜ ತಟ್ಟಿದ. "ನಂದೇನ್ ತಕರಾರಿಲ್ಲ ಕಣ್ಲಾ. ಎಲ್ಲಾರ ಇರು, ಸುಖವಾಗಿರು." ದೊಡ್ಡಪ್ಪನ ಮುಖ ಅರಳಿತು. ಸುಳ್ಳಾಡದೆಯೂ ತಮ್ಮನ ಮಗನ ಕೆಲಸ ಮಾಡಿಕೊಡುವ ದಾರಿ ಅವರಿಗೆ ಹೊಳೆದಿತ್ತು. ಅವರು ಹೇಳಿದರು, ಗ್ರಾಮಲೆಕ್ಕಿಗರು ಬರೆದುಕೊಂಡರು: 'ಸದರಿಯವರಿಗೆ ಬಾಲ್ಯದಲ್ಲಿ ನಂಜೇಗೌಡ ಎಂಬುವರೊಂದಿಗೆ ವಿವಾಹವಾಗಿದ್ದು, ಈ ದಿನ ಪಂಚರ ಸಮಕ್ಷಮ ಉಭಯತ್ರರ ಒಪ್ಪಿಗೆಯಿಂದ ಬಿಡುಗಡೆಯಾಗಿರುತ್ತದೆ.' ಐವರೂ ರುಜು ಹಾಕಿದರು. ನಂಜನೂ ಹಾಕಿದ. ಎಲ್ಲರೂ ನನ್ನನ್ನು ಅಭಿನಂದಿಸಿದರು.

ಕೆ.ಆರ್. ಪೇಟೆಯಲ್ಲಿ ತಹಶೀಲ್ದಾರರು ಮಹಜರನ್ನು ಎರಡು ಸಲ ಓದಿದರು. ಮೊದಲ ಸಲ ಓದಿ, ವಿಚ್ಛೇದನವಾಗಿದ್ದರೆ ನ್ಯಾಯಾಲಯದ ತೀರ್ಪಿನ ನಕಲು ಬೇಕಾಗುತ್ತದೆಂದರು. ಎರಡನೆಯ ಸಲ ಓದಿ ಕನ್ನಡಕ ತೆಗೆದು, "ನಂಜೇಗೌಡ ಅನ್ನೋದು ಹೆಣ್ಣುಮಗಳ ಹೆಸರೇನ್ರೀ?" ಎಂದು ಕೇಳಿದರು. ಅವರದು ತಪ್ಪಲ್ಲ. ನಾನು ವಿವರಿಸಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಬರುವ ಶುಕ್ರವಾರ ಪಂಚರ ಜೊತೆ ಹೆತ್ತವರನ್ನೂ ಕರೆತನ್ನಿ, ಅವರ ಹೇಳಿಕೆ ಪಡೆದು ನೋಡೋಣ ಎಂದರು. ನನ್ನ ರಜೆಯಲ್ಲಿ ಉಳಿದಿದ್ದುದು ಆರು ದಿನ.

ಹೆತ್ತವರೆಂದರೆ ಇದ್ದವಳು ಅಮ್ಮ. ಅವಳ ವಿಷಯವನ್ನು ಇದುವರೆಗೆ ಮುಂದೂಡುತ್ತ ಬಂದದ್ದು ನನ್ನ ಹೇಡಿತನ. ಮದುವೆಯ ಸುದ್ದಿ ಹೇಳಿದ ದಿನ ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದವಳು ತಿರುಗಿ ನೋಡದೆ, "ಆಗು ಮಗ, ಬ್ಯಾಡ ಅಂದೋರ್ಯಾರು" ಎಂದಿದ್ದಳು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಹುಡುಗಿ ಯಾರು, ಹೆಸರೇನು, ಅನ್ನ ತಿನ್ನುತ್ತಾಳೋ ಇಲ್ಲವೋ, ಒಂದನ್ನೂ ಕೇಳಲಿಲ್ಲ. ಅಮ್ಮ ಮುಖ ತಿರುಗಿಸಿಕೊಂಡು ಒಪ್ಪಿದ್ದು ಒಪ್ಪಿಗೆಯಲ್ಲವೆಂದು ನನಗೆ ಗೊತ್ತಿತ್ತು. ಈಗ ತಹಶೀಲ್ದಾರರ ಮುಂದೆಯೂ ಅವಳು ಹಾಗೆಯೇ ಸುಮ್ಮನೆ ನಿಂತುಬಿಟ್ಟರೆ ಸಾಕಿತ್ತು. ಬೇಡವೆಂಬ ಮಾತನ್ನು ಬಾಯಿಬಿಟ್ಟು ಆಡದೆಯೇ ಅವಳ ಇಷ್ಟ ನೆರವೇರುತ್ತಿತ್ತು. ಶುಕ್ರವಾರ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತು ಕೆ.ಆರ್. ಪೇಟೆಯವರೆಗೆ ಒಂದು ಮಾತೂ ಆಡಲಿಲ್ಲ. ಮೂವತ್ತೊಂದು ವರ್ಷದ ನಾನು ನನ್ನ ತಾಯಿಗೆ ಹೆದರಿಕೊಂಡು ಪಕ್ಕದಲ್ಲಿ ಕುಳಿತಿದ್ದೆ.

ಕಚೇರಿಯಲ್ಲಿ ದೊಡ್ಡಪ್ಪ ತಮ್ಮ ನಿಲುವನ್ನು ಒಂದಕ್ಷರ ಬದಲಿಸದೆ ನಿವೇದಿಸಿದರು. ತಹಶೀಲ್ದಾರರು ಅಮ್ಮನ ಕಡೆ ತಿರುಗಿ, "ಏನಮ್ಮಾ, ನಿಮ್ಮ ಮಗನಿಗೆ ಮದುವೆ ಆಗಿದೆಯೋ, ಇಲ್ಲವೋ?" ಎಂದರು. ಅಮ್ಮ ಸೆರಗನ್ನು ಹೊದ್ದುಕೊಂಡು ಎದ್ದು ನಿಂತಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಲೋರ್ನಾಳಿಗೆ ಬರೆಯಬೇಕಾದ ಕಾಗದದ ಒಕ್ಕಣೆಯನ್ನು ನಾನು ಅರ್ಧ ಸಿದ್ಧಪಡಿಸಿಕೊಂಡೆ.

"ಇಲ್ಲ ಸ್ವಾಮಿ," ಎಂದಳು. "ಅವತ್ತು ನಾನು ನನ್ನ ಮಗಳ್ನ ಎತ್ತು ನಾಗಮಂಗಲದಲ್ಲಿ ಬಾಣಂತಿ ಆಗಿದ್ದೆ. ಎತ್ತ ತಾಯಿ ಅಕ್ಸತೆ ಆಕ್ದೆ ಅದೆಂಗ್ ಮದ್ವೆ ಆದಾತು?"

ದೊಡ್ಡಪ್ಪ ಗಲಿಬಿಲಿಗೊಂಡರು. "ಮಳೆ ಬಂತಲ್ಲವ್ವಾ?"

"ಮಳೆ ಬರಾಕೆ ಅಷ್ಟು ಸಾಕಾಗಿತ್ತು ಬಾವ. ಮದ್ವೆ ಆಗಾಕೆ ಸಾಲ್ದು."

ದೊಡ್ಡಪ್ಪ ಯೋಚಿಸಿದರು. ಊರು ದೇವರ ಮುಂದೆ ಸುಳ್ಳು ಹೇಳಿಲ್ಲ, ಮಳೆಗೂ ಅವಮಾನವಾಗಿಲ್ಲ, ಶಾಸ್ತ್ರದಲ್ಲೊಂದು ಕೊರತೆ ಉಳಿದಿತ್ತು, ಅಷ್ಟೆ. "ಅದು ಸರಿ ಕಣವ್ವ," ಎಂದು ಪೆನ್ನು ಕೇಳಿದರು. ಅಲ್ಲಿಯೇ ಹೊಸ ಮಹಜರು ಬರೆದರು. ಮೊದಲ ರುಜು ಅವರದೇ, ದಪ್ಪ ಅಕ್ಷರಗಳಲ್ಲಿ. ಸಂಜೆಯ ಹೊತ್ತಿಗೆ ಸರ್ಕಾರದ ಮೊಹರು ಬಿದ್ದ ಪತ್ರ ನನ್ನ ಕೈಸೇರಿತು. ನನಗೆ ಅಮ್ಮನ ಕಾಲಿಗೆ ಬೀಳಬೇಕೆನ್ನಿಸಿತು, ಕಚೇರಿಯೆಂದು ಸುಮ್ಮನಾದೆ.

ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ಮಾತಾಡಿದಳು. "ಅಲ್ಲಿ ನಿನ್ ಮದ್ವೇಲಿ ನಾನಿರಾಕಿಲ್ವಲ್ಲ ಮಗ."

ನಾನು ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಿದ್ದವನು ಅವಳ ಕಡೆ ತಿರುಗಿದೆ. ನಾನು ಇಲ್ಲಿರುವುದು ಇನ್ನು ಮೂರು ದಿನ. ಅಷ್ಟರಲ್ಲಿ ಅವಳಿಗೆ ಪಾಸ್‌ಪೋರ್ಟು ಆಗುವಂತಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಯಾವ ನಿಯಮದ ಬಲದಿಂದ ಮೊದಲ ಮದುವೆ ಬಿದ್ದುಹೋಯಿತೋ ಅದೇ ನಿಯಮದ ಪ್ರಕಾರ ಎರಡನೆಯದೂ ನಿಲ್ಲುವುದಿಲ್ಲ. ಅಮ್ಮ ಅದನ್ನು ವಾದಕ್ಕಾಗಿ ಹೇಳಿದ್ದಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಇಷ್ಟು ದಿನ ಅವಳು ಸಿಟ್ಟಾಗಿದ್ದಾಳೆಂದು ತಿಳಿದಿದ್ದ ನನಗೆ ಆಗ ಬಹಳ ನಾಚಿಕೆಯಾಯಿತು.

ಹೊರಡುವ ದಿನ ಬೆಳಿಗ್ಗೆ ಅವಳು ನಡುಮನೆಯಲ್ಲಿ ಎರಡು ಮಣೆ ಹಾಕಿ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. "ಆ ಉಡುಗಿ ಎಸ್ರೇನು?" ಎಂದು ಕೇಳಿದಳು. ಹೇಳಿದೆ. ಎರಡು ಸಲ ತಾನೇ ಹೇಳಿಕೊಂಡು ರೂಢಿ ಮಾಡಿಕೊಂಡಳು. "ಪೋಟೊ ಐತಾ?" ಪಾಸ್‌ಪೋರ್ಟಿನ ನಡುವಿನಿಂದ ತೆಗೆದುಕೊಟ್ಟೆ. ಪಕ್ಕದ ಮಣೆಯ ಮೇಲೆ ನೀರು ತುಂಬಿದ ಚೊಂಬಿಟ್ಟು, ಫೋಟೊವನ್ನು ಅದಕ್ಕೆ ಒರಗಿಸಿ, ಹಣೆಯ ಭಾಗಕ್ಕೆ ಸರಿಯಾಗಿ ಕುಂಕುಮವಿಟ್ಟಳು. ದೊಡ್ಡಪ್ಪ ಬಂದರು. ನಂಜ ಬಿಸಿ ಬೆಲ್ಲದ ಅಚ್ಚು ಹಿಡಿದುಕೊಂಡು ಬಂದು, ಹಳೆಯ ಸಂಬಂಧದ ಸಂಕೋಚದಿಂದಲೋ ಏನೋ, ಬಾಗಿಲಲ್ಲೇ ನಿಂತ. ಅಮ್ಮ ನನ್ನ ತಲೆಯ ಮೇಲೊಂದು ಹಿಡಿ, ಫೋಟೊದ ಮೇಲೊಂದು ಹಿಡಿ ಅಕ್ಷತೆ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗಾಯ್ತು. ಓಗ್ ಬಾ. ಆ ಸರ್ಕಾರದೋರು ಬೇಕಾರೆ ಇನ್ನೊಂದ್ಕಿತ ಮಾಡ್ಕಳ್ಳಿ."

ಮನಿಲಾದ ಅಧಿಕಾರಿಗಳು ನಾಲ್ಕು ತಾಲ್ಲೂಕಿನ ಪತ್ರಗಳನ್ನು ಒಂದೊಂದಾಗಿ ಪರಿಶೀಲಿಸಿ ತೃಪ್ತಿಯಿಂದ ತಲೆದೂಗಿದರು. ಇನ್ನೊಂದೇ ಕೆಲಸ, ನೀವು ಅವಿವಾಹಿತರೆಂದು ಬಲಗೈ ಎತ್ತಿ ಪ್ರಮಾಣ ಮಾಡಬೇಕು ಎಂದರು. ನಾನು ಕೈ ಎತ್ತಿದೆ. ಊರಿನಲ್ಲಿ ಅಮ್ಮನಿಗೆ ಎಲ್ಲಿ ಕೇಳಿಸಿಬಿಡುತ್ತದೋ ಎಂಬಂತೆ ಆ ಮಾತನ್ನು ಆದಷ್ಟು ಮೆಲ್ಲಗೆ ಹೇಳಿದೆ. ಅವರಿಗೆ ಕೇಳಿಸಲಿಲ್ಲ; ಗಟ್ಟಿಯಾಗಿ ಹೇಳಿ ಎಂದರು.