ಲಿಫ್ಟ್ ಬೇಡವೆಂದವಳು

ನಿರೀಕ್ಷಾಳಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ನಮ್ಮ ಮನೆಗೆ ಊಟಕ್ಕೆ ಕರೆದರೆ ಸಾರು ಮಜ್ಜಿಗೆಯ ನಡುವೆ ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಾಳೆ. ಸಂಜೆ ಆರಾಯಿತೆಂದರೆ ನಮ್ಮ ಟಾರ್ನೀಟ್ ಬಡಾವಣೆಯ ತನ್ನ ಮನೆಯಿಂದ ಹೊರಟು ಇಂಡಿಯನ್ ಅಂಗಡಿಯವರೆಗೆ ನಡೆಯುವುದು, ಏನೂ ಕೊಳ್ಳದೆ ತಿರುಗಿ ಬರುವುದು, ಮನೆಯ ಲೆಟರ್‌ಬಾಕ್ಸ್ ಮುಟ್ಟಿ ಮತ್ತೆ ಅಂಗಡಿಯ ಕಡೆಗೆ. ಕಾಲಿಗೆ ಜಾಗಿಂಗ್ ಶೂ ಇಲ್ಲ, ಜೊತೆಗೆ ನಾಯಿ ಇಲ್ಲ. ಇಸ್ತ್ರಿ ಮಾಡಿದ ಕುರ್ತಾ, ಕಿವಿಗೆ ಝುಮುಕಿ, ತುಟಿಗೆ ಬಣ್ಣ.

ಹಾಲು ತರುವುದಕ್ಕೂ ಕಾರು ತೆಗೆಯುವ ನಮ್ಮ ಜನಕ್ಕೆ ಇದು ಹೇಗೆ ಜೀರ್ಣವಾಗಬೇಕು? ಗುರುತಿನವರು ಒಬ್ಬೊಬ್ಬರಾಗಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಲಿಫ್ಟ್ ಬೇಕಾ ಎಂದು ಕೇಳಿದರು. "ಬೇಡ, ನಾನು ಎಲ್ಲಿಗೂ ಹೋಗುದಿಲ್ಲ" ಎಂದು ಅವಳು ನಕ್ಕಳು. ಆ ಉತ್ತರವೇ ಕೆಲಸ ಕೆಡಿಸಿತು. ಎಲ್ಲಿಗೂ ಹೋಗದವಳು ದಿನಾ ಸಿಂಗರಿಸಿಕೊಂಡು ಬೀದಿಯಲ್ಲಿ ಯಾಕಿರಬೇಕು? ಗಂಡ ಹೆಂಡತಿಗೆ ಆಗಿಬರುತ್ತಿಲ್ಲ ಎಂದು ಗುಸುಗುಸು ಎದ್ದಿತು. ಅಷ್ಟರಲ್ಲಿ ಅವಳ ಕಂಪನಿಯವರು ದೂರದ ಸಿಡ್ನಿಯ ಚಾಟ್ಸ್‌ವುಡ್ ಆಫೀಸಿಗೆ ಬಾ ಎಂದು ಕರೆದಿದ್ದಾರೆ, ಸೋಮವಾರ ಉತ್ತರ ಹೇಳಬೇಕಂತೆ ಎಂಬ ಸುದ್ದಿಯೂ ಬಂತು. ಗಂಡ ಜಯೇಶ್ ಪಕ್ಕದ ಟ್ರುಗನಿನಾದ ವೇರ್‌ಹೌಸ್‌ನಲ್ಲಿ ಶಿಫ್ಟ್ ನೋಡಿಕೊಳ್ಳುವವನು. ಕೆಲಸವನ್ನೂ ಹೊಸ ಮನೆಯನ್ನೂ ಬಿಟ್ಟು ಅವನು ಹೋಗುವ ಹಾಗಿರಲಿಲ್ಲ. ಅವಳು ಹೋದರೆ ಒಬ್ಬಳೇ ಹೋಗಬೇಕು.

ನಮ್ಮ ಯಜಮಾನರು ಶಿವಲಿಂಗಪ್ಪನವರಿಗೆ ಇಷ್ಟು ಸಾಕಾಯಿತು. ಪಶ್ಚಿಮದ ಸಬರ್ಬ್‌ಗಳಲ್ಲಿ ಕನ್ನಡದವರ ಜಗಳ ಬಿಡಿಸುವ ಕೆಲಸವನ್ನು ಯಾರೂ ಕೊಡದಿದ್ದರೂ ಅವರೇ ವಹಿಸಿಕೊಂಡಿದ್ದಾರೆ. "ಚಂದ್ರಪ್ರಭಾ, ಹೊರಡು, ಒಂದು ಸಂಸಾರ ಉಳಿಸೋಣ" ಎಂದರು. ಉಳಿಸುವ ಮುಂಚೆ ಒಡೆದಿದೆಯೋ ಇಲ್ಲವೋ ನೋಡಬಾರದೇ ಎಂದು ಗೊಣಗುತ್ತ, ಶನಿವಾರ ಮಧ್ಯಾಹ್ನ ಚಕ್ಕುಲಿ ಡಬ್ಬಿ ಹಿಡಿದು ನಾನೂ ಹೊರಟೆ.

ಅವರ ಮನೆಯ ಸೋಫಾದಲ್ಲಿ ಕೂತು ಇವರು ಗಂಟಲು ಸರಿಮಾಡಿಕೊಂಡರು. "ನೋಡಪ್ಪಾ ಜಯೇಶ್, ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ."

"ನಮಗೆ ಜಗಳವೇ ಇಲ್ಲ ಅಂಕಲ್" ಎಂದ ಜಯೇಶ್.

"ಮತ್ತೆ ಇವಳು ದಿನಾ ಹೊರಗ್ಯಾಕೆ ಹೋಗ್ತಾಳೆ?"

ಜಯೇಶ್ ಕೈಯಲ್ಲಿದ್ದ ಚಕ್ಕುಲಿಯನ್ನು ಎರಡಾಗಿ ಮುರಿದ. "ನನ್ನಿಂದ ದೂರ ಇರ್ಲಿಕ್ಕೆ ಅಂತ ಕಾಣ್ತದೆ. ನಾನು ಕೇಳ್ಲಿಲ್ಲ."

ಕಾಫಿ ತರುತ್ತಿದ್ದ ನಿರೀಕ್ಷಾ ಅಲ್ಲೇ ನಿಂತುಬಿಟ್ಟಳು. ಅವಳು ಅಲುಗಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಟ್ರೇ ಕೆಳಗಿಟ್ಟು, ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಹೇಳಿದಳು.

ಕಾರ್ಕಳದಲ್ಲಿ ಅಣ್ಣ ಬಸ್‌ಸ್ಟ್ಯಾಂಡಿಗೂ ಬೈಕಿನಲ್ಲಿ ಬಿಟ್ಟುಬರುತ್ತಿದ್ದ ಹುಡುಗಿ ಅವಳು. ಸ್ಕಾಲರ್‌ಶಿಪ್ ಸಿಕ್ಕಿತೆಂದು ಆಹಾರ ವಿಜ್ಞಾನ ಓದಲು ಇಟಲಿಯ ದಕ್ಷಿಣಕ್ಕೆ, ಕೊಸೆಂಜಾ ಎಂಬ ಊರಿಗೆ ಹೋದಳು. ಗುಡ್ಡದ ಮೇಲೆ ಯೂನಿವರ್ಸಿಟಿ, ಕೆಳಗೆ ಊರು. ಮೊದಲ ತಿಂಗಳೆಲ್ಲ ಕೋಣೆಯಲ್ಲಿ ಅವಲಕ್ಕಿ ತಿಂದು ಅತ್ತಳು. ಆದರೆ ಆ ಊರಿನಲ್ಲಿ ಸಂಜೆಯಾದರೆ ಸಾಕು, ಮುದುಕರು, ಮಕ್ಕಳು, ಪ್ರೊಫೆಸರು, ಕಟುಕ, ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಒಂದೇ ಬೀದಿಗೆ ಬರುತ್ತಾರೆ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಯಾವ ಕೆಲಸವೂ ಇಲ್ಲ. ಒಂದು ದಿನ ಇವಳೂ ಹೆದರುತ್ತ ಹೋದಳು. ಎರಡನೆಯ ಸುತ್ತಿಗೆ ಸಹಪಾಠಿಯ ತಾಯಿಯೊಬ್ಬಳು ಬಂದು, ಮಾತಿಲ್ಲದೆ ಇವಳ ತೋಳಿಗೆ ತೋಳು ಸೇರಿಸಿದಳು. ಭಾಷೆ ಕಲಿತದ್ದು, ಕೈ ಬೀಸಿ ವಾದ ಮಾಡಲು ಕಲಿತದ್ದು, ಪರೀಕ್ಷೆಯಲ್ಲಿ ಫೇಲಾಗಿಯೂ ತಲೆಯೆತ್ತಿ ನಡೆಯಲು ಕಲಿತದ್ದು ಆ ಬೀದಿಯಲ್ಲೇ.

"ಅಲ್ಲಿ ಒಬ್ಬರೇ ನಡೀತಾ ಇದ್ರೆ ಯಾರಾದ್ರೂ ಬಂದು ಸೇರ್ತಾರೆ ಆಂಟಿ. ಕರೀಲಿಕ್ಕೆ ಇಲ್ಲ. ಇಲ್ಲಿ ನೀವೆಲ್ಲ ಲಿಫ್ಟ್ ಕೊಡ್ತೇವೆ ಅಂದ್ರಿ, ಪಾಪ. ಕಾರಿಂದ ಒಬ್ರೂ ಇಳೀಲಿಲ್ಲ ಮಾರಾಯ್ರೆ." ಅವಳು ಜಯೇಶನ ಕಡೆ ತಿರುಗಿದಳು. "ಒಂದು ದಿನ ನೀನೂ ಕಾರು ತಂದು ಹತ್ತು ಅಂದಿ. ನೆನಪುಂಟಾ? ದೂರ ಹೋಗ್ಲಿಕ್ಕೆ ಅಲ್ಲ ನಾನು ನಡೀತಿದ್ದದ್ದು. ನೀನು ಬರ್ತಿ ಅಂತ."

ಇದರಲ್ಲಿ ಅವಳದೂ ತಪ್ಪಿದೆ ಎನ್ನುತ್ತೇನೆ ನಾನು. ಬಾಯಿಬಿಟ್ಟು ಹೇಳದೆ ಗಂಡಸರಿಗೆ ಯಾವುದು ತಾನೇ ತಿಳಿಯುತ್ತದೆ? ಬೆಳಗಿನ ಜಾವಕ್ಕೆದ್ದು ವೇರ್‌ಹೌಸ್‌ಗೆ ಓಡುವವನು ಸಂಜೆ ಕ್ರಿಕೆಟ್ ಹಾಕಿಕೊಂಡು ಒರಗಿದರೆ ಅದು ಅಪರಾಧವಲ್ಲ. ಇಲ್ಲದ ಜಗಳ ಬಿಡಿಸಲು ಹೋದ ನಮ್ಮವರು ಇದ್ದ ಜಗಳವನ್ನು ಹೊರಗೆಳೆದು, ಕಾಫಿ ಕುಡಿದು ಎದ್ದುಬಂದರು.

ಸೋಮವಾರ ಅವಳು ಚಾಟ್ಸ್‌ವುಡ್‌ಗೆ ಹೂಂ ಎಂದಳು. ಸದ್ಯಕ್ಕೆ ಆರು ತಿಂಗಳು, ಆಮೇಲೆ ನೋಡೋಣ ಎಂದಳಂತೆ. ಆ 'ನೋಡೋಣ' ಎಂಬುದು ಜಯೇಶನನ್ನು ಕೊರೆಯುತ್ತಿತ್ತು. ಅಲ್ಲಿಗೆ ಹೋದ ಮೇಲೆ, ಆಫೀಸಿನ ಹತ್ತಿರ ಸ್ಟೇಷನ್ ಪಕ್ಕದ ಬೀದಿಯಲ್ಲಿ ಸಂಜೆ ಎಷ್ಟೊಂದು ಜನ ನಡೆಯುತ್ತಾರೆ ಎಂದು ಅವನಿಗೆ ಫೋನಿನಲ್ಲಿ ಹೇಳಿದಳಂತೆ. ಆದರೆ ಎಲ್ಲರೂ ಟ್ರೈನ್ ಹಿಡಿಯುವ ಅವಸರದಲ್ಲಿರುತ್ತಾರಂತೆ. ಅಲ್ಲಿಯೂ ಅವಳು ಒಬ್ಬಳೇ ತಿರುಗುತ್ತಿದ್ದಾಳೆ.

ಕಳೆದ ವಾರ ಸಂಜೆ ನಾವು ಅಂಗಡಿಯಿಂದ ಬರುತ್ತಿದ್ದಾಗ ಫುಟ್‌ಪಾತ್ ಮೇಲೆ ಒಬ್ಬ ಗಂಡಸು ಕಂಡ. ಇಸ್ತ್ರಿ ಶರಟು, ಬಾಚಿದ ತಲೆ. ಜಯೇಶ್! ಲೆಟರ್‌ಬಾಕ್ಸ್ ಮುಟ್ಟಿ ತಿರುಗಿ ಬರುತ್ತಿದ್ದಾನೆ. ನಮ್ಮವರು ಅಭ್ಯಾಸ ಬಲದಿಂದ ಕಾರು ನಿಲ್ಲಿಸಿ ಗಾಜು ಇಳಿಸಿದರು. "ಏನಪ್ಪಾ ಜಯೇಶ್, ಲಿಫ್ಟ್ ಬೇಕಾ?"

"ಬೇಡ ಅಂಕಲ್" ಎಂದ. ಬೆವರಿದ್ದ. "ಶುಕ್ರವಾರ ಅವಳು ಬರ್ತಾಳೆ, ಎರಡು ದಿನಕ್ಕೆ. ಅದಕ್ಕೆ ರೂಢಿ ಮಾಡ್ತಾ ಇದ್ದೇನೆ. ಎಷ್ಟು ಸುತ್ತು ಅಂತ ಫೋನಲ್ಲಿ ದಿನಾ ಕೇಳ್ತಾಳೆ. ಆಮೇಲೆ, ಒಬ್ಬನೇ ನಡೆದದ್ದಾ, ಅಂತ ಕೇಳ್ತಾಳೆ."

ನಾನು ಸೀಟ್‌ಬೆಲ್ಟ್ ಬಿಚ್ಚಿದೆ. "ಎಲ್ಲಿಗೇ? ಮೊಸರು ಹಾಳಾಗುತ್ತೆ" ಎಂದರು ನಮ್ಮವರು. ಆಗಲಿ ಬಿಡಿ ಎಂದು ಇಳಿದು ಬಾಗಿಲು ಹಾಕಿದೆ.

"ಇವತ್ತು ಕೇಳಿದ್ರೆ ಇಬ್ಬರು ಅಂತ ಹೇಳು" ಎಂದೆ. "ನಡಿ."