ಬಾದಾಮಿಯಲ್ಲೇ ಉಳಿದ ಕೀಲಿ

ನನ್ನ ಕೆಲಸ ಇಳಕಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ, ಮನೆ ಬಾಗಲಕೋಟೆಯ ನವನಗರದಲ್ಲಿ. ಎರಡರ ನಡುವೆ ಅರವತ್ತು ಕಿಲೋಮೀಟರಿನಷ್ಟು ದಾರಿ ಮತ್ತು ನನ್ನನ್ನು ಕಂಡರಾಗದ ಒಂದು ಬಸ್ಸು. ನಾನು ಬೇಗ ಹೋದ ದಿನ ಅದು ತಡವಾಗಿ ಬರುತ್ತಿತ್ತು. ನಾನು ಒಂದು ನಿಮಿಷ ತಡಮಾಡಿದ ದಿನ ಅದಾಗಲೇ ಹೋಗಿರುತ್ತಿತ್ತು. ಹತ್ತು ಗಂಟೆಗೆ ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರಕ್ಕೆ ಇಂಥ ಕಷ್ಟಸುಖ ತಿಳಿಯುವುದಿಲ್ಲ. ಒಂದೇ ತಿಂಗಳಲ್ಲಿ ಮೂರನೇ ಸಲ ತಡವಾದಾಗ ಸಾಹೇಬರು ಒಳಗೆ ಕರೆದರು.

"ಮೇಡಮ್ಮಾರ, ಇನ್ನೊಮ್ಮೆ ತಡಾ ಆತಂದ್ರ ಇಲ್ಲೇ ಇಳಕಲ್ಲಾಗ ಒಂದ್ ರೂಮ್ ಹಿಡಿದುಬಿಡ್ರಿ. ಕೆಲಸದ ಊರಾಗ ಇರ್ಬೇಕಂತ ನಿಯಮಾನೂ ಐತ್ರಿ," ಎಂದರು.

ಇಳಕಲ್ ಕೆಟ್ಟ ಊರೇನಲ್ಲ. ಆದರೆ ಅಲ್ಲಿ ರೂಮು ಹಿಡಿದರೆ ನಾನು ನನ್ನ ಮನೆಗೇ ವಾರಕ್ಕೊಮ್ಮೆ ಬರುವ ನೆಂಟಳಾಗುತ್ತಿದ್ದೆ. ನನ್ನ ಗಂಡ ಕಲಾದಗಿಯ ಶಾಲೆಯಲ್ಲಿ ಗಣಿತದ ಮಾಸ್ತರರು. ಬೆಳಿಗ್ಗೆ ನಾನೊಂದು ದಿಕ್ಕಿಗೆ, ಅವರೊಂದು ದಿಕ್ಕಿಗೆ. ಸಂಜೆ ಇಬ್ಬರೂ ಬಂದ ಮೇಲೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಚುರುಮುರಿ ಇಟ್ಟುಕೊಂಡು ಚಹಾ ಕುಡಿಯುತ್ತೇವಲ್ಲ, ಆ ಅರ್ಧ ತಾಸಿನಲ್ಲೇ ನಮ್ಮ ಸಂಸಾರವೆಲ್ಲ ನಡೆಯುವುದು. ಜಗಳ, ರಾಜಿ, ನಾಳೆಯ ಪಲ್ಯ ಎಲ್ಲವೂ ಅಲ್ಲೇ ತೀರ್ಮಾನವಾಗುತ್ತವೆ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವ ಸ್ವಭಾವವೂ ನನ್ನದಲ್ಲ.

"ನಾ ಅಲ್ಲೇ ರೂಮ್ ಹಿಡದು, ನೀವು ಮಾಡಿದ ಅನ್ನ ನೀವ ಉಂಡು ಏನರ ಆದ್ರ ನನ್ನ ಮ್ಯಾಲ ಬರತೈತಿ. ಒಂದು ಹಳೀ ಕಾರು ತಗೊಳ್ಳೂಣು, ಕಡಿಮಿ ಎಣ್ಣಿ ಕುಡಿಯೂವಂಥಾದ್ದು," ಎಂದು ಗಂಡನಿಗೆ ಹೇಳಿದೆ.

ಅವರು ಎದ್ದು ಹೋಗಿ ಒಂದು ನೋಟ್‌ಬುಕ್ ತಂದರು. ಎರಡು ದಿನ ಫೋನಿನಲ್ಲಿ ಕಾರಿನ ವಿಡಿಯೋ ನೋಡಿ ಮೂವತ್ತು ಪ್ರಶ್ನೆ ಬರೆದರು. ಲೀಟರಿಗೆ ಎಷ್ಟು ಓಡುತ್ತದೆ ಎಂಬುದು ಮೊದಲನೆಯದು. ತಣ್ಣಗಿದ್ದಾಗ ಒಂದೇ ಸಲಕ್ಕೆ ಚಾಲೂ ಆಗುತ್ತದೆಯೇ ಎಂಬುದು ಒಂಬತ್ತನೆಯದು. ಎರಡನೇ ಕೀಲಿ ಇದೆಯೇ ಎಂಬುದು ಹದಿನೇಳನೆಯದು. ಪ್ರತಿ ಪ್ರಶ್ನೆಯ ಮುಂದೆ ಟಿಕ್ ಹಾಕಲು ಒಂದು ಚೌಕ. ಹಾಳೆಯ ಕೆಳತುದಿಯನ್ನು ಮಾತ್ರ ಮಡಚಿ ಇಟ್ಟಿದ್ದರು. ಬಿಡಿಸಿ ನೋಡಹೋದರೆ, "ಅದು ಕಚ್ಚಾ ಲೆಕ್ಕ, ನಿನಗ್ಯಾಕ," ಎಂದು ಕಸಿದುಕೊಂಡರು.

ಕಾರು ನೋಡಲು ನಾವಿಬ್ಬರೇ ಹೋಗಬಹುದಿತ್ತು. ಆದರೆ ನನ್ನ ತವರಿನಲ್ಲಿ ನಾಲ್ಕು ಕಾಲಿನ ಯಾವುದನ್ನೂ ನಮ್ಮ ಸೋದರಮಾವ ಮುಟ್ಟಿ ನೋಡದೆ ಕೊಳ್ಳುವ ಪದ್ಧತಿಯಿಲ್ಲ. ಮಾವ ಕೆರೂರಿನ ಹತ್ತಿರದ ಹಳ್ಳಿಯವನು, ಬೀರಪ್ಪನ ಭಕ್ತ. ಕೆರೂರ ಸಂತೆಯಲ್ಲಿ ಕುರಿ ಕೊಂಡು, ಕುರಿ ಮಾರಿ ತಲೆ ಬೆಳ್ಳಗಾಗಿದೆ. ಬಿರುಬೇಸಿಗೆಯಲ್ಲೂ ಹೆಗಲ ಮೇಲಿನ ಕಂಬಳಿ ಇಳಿಯುವುದಿಲ್ಲ. ಕಾರಿಗೆ ಕಾಲೆಲ್ಲಿವೆ ಎಂದು ನನ್ನ ಗಂಡ ಕೇಳಿದ್ದಕ್ಕೆ ನಮ್ಮವ್ವ ಫೋನಿನಲ್ಲೇ, "ನಾಕು ಗಾಲಿ ಅದಾವಲ್ಲ, ಸಾಕು," ಎಂದು ತೀರ್ಪು ಕೊಟ್ಟಳು. ಮರುದಿನ ಬೆಳಿಗ್ಗೆ ಮಾವ ಕಂಬಳಿ ಸಮೇತ ನವನಗರಕ್ಕೆ ಬಂದಿಳಿದ.

ಮೊದಲು ಹೋದದ್ದು ಊರಲ್ಲೇ ಇದ್ದ ಹಳೆ ಕಾರಿನ ಅಂಗಡಿಗೆ. ಕಾರುಗಳನ್ನು ತಿಕ್ಕಿ ತೊಳೆದು ಸಾಲಾಗಿ ನಿಲ್ಲಿಸಿದ್ದರು. ಮಾವ ಒಂದು ಬಿಳಿ ಕಾರಿನ ಸುತ್ತ ಎರಡು ಸುತ್ತು ಹಾಕಿ ಅಂಗಡಿಯವನನ್ನು ಕೇಳಿದ, "ಎಷ್ಟ ಹಲ್ಲಿಂದ್ರೀ ಇದು?"

ಅಂಗಡಿಯವನು ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ಆಕಾಶ ನೋಡಿದರು. ಹಲ್ಲು ನೋಡಿ ಕುರಿಯ ವಯಸ್ಸು ಹೇಳುತ್ತಾರೆ, ಕಾರಿಗೆ ಎಷ್ಟು ವರ್ಷವಾಯಿತೆಂದು ಕೇಳುತ್ತಿದ್ದಾನೆ ಎಂದು ನಾನೇ ಬಿಡಿಸಿ ಹೇಳಬೇಕಾಯಿತು.

"ಎಂಟು ವರ್ಷದ್ದ್ರಿ ಯಜಮಾನ್ರ."

"ಬಾಯಿಗೂಡೈತಿ ಅನ್ರಿ ಹಂಗಾರ, ಹಲ್ಲೆಲ್ಲಾ ಬಂದಾವು," ಎಂದು ಮಾವ ಬಾನೆಟ್ ತೆಗೆಸಿ ಮೂಸಿ ನೋಡಿದ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ನಾಲ್ಕೂ ಗಾಲಿಗಳ ಮೇಲೆ ಅಂಗೈ ಸವರಿ, "ಮುಂದಿನ ಬಲಗಾಲು ಒಳಮಗ್ಗಲಕ ಸವದೈತಿ. ಇದು ಕುಂಟತೈತಿ," ಎಂದ. ನಾನು ಓಡಿಸಿ ನೋಡಿದರೆ ಕಾರು ನಿಜವಾಗಿಯೂ ಒಂದು ಕಡೆಗೆ ಎಳೆಯುತ್ತಿತ್ತು. ಇನ್ನೊಂದು ಕಾರಿನ ಬಾನೆಟ್ ಮೇಲೆ ಕೈಯಿಟ್ಟವನೇ ಮಾವ ಹಿಂದೆ ಸರಿದ. "ನಾವು ಬರೂಕಿಂತ ಮದಲ ಇದನ್ನ ಓಡ್ಸಿ ಬಿಸಿ ಮಾಡ್ಯಾರ. ನಸುಕಿನ್ಯಾಗ ಮಲಗಿದ್ದನ್ನ ಎಬ್ಬಿಸಿ ನೋಡ್ಬೇಕು, ಅಳಿಯಾರ. ತಟ್ಟನ ಎದ್ರ ಜಡ್ಡಿಲ್ಲ ಅಂತ ತಿಳಕೋರಿ."

ಇದು ನೋಟ್‌ಬುಕ್ಕಿನ ಒಂಬತ್ತನೇ ಪ್ರಶ್ನೆ. ಎರಡು ದಿನ ವಿಡಿಯೋ ನೋಡಿ ಬರೆದದ್ದನ್ನು ಮಾವ ಪುಕ್ಕಟೆ ಹೇಳಿಬಿಟ್ಟನೆಂದು ನನ್ನ ಗಂಡನ ಮುಖ ಸಣ್ಣದಾಯಿತು. ಅಂಗಡಿಯವನು ಮೂರನೆಯದನ್ನು ತೋರಿಸಿ, ಇದು ನೋಡ್ರಿ ನಿಮಗೆ ತಕ್ಕದ್ದು, ಎಣ್ಣೆ ಕುಡಿಯುವುದೇ ಇಲ್ಲ ಎಂಬಂತೆ ಹೊಗಳತೊಡಗಿದ. ಮಾವ ಕಂಬಳಿ ಕೊಡವಿ, "ನಮ್ಮ ಕುರಿ ಭಾಳ ತಿಂತೈತಿ ಅಂತ ಮಾರಾಂವ ಯಾವತ್ತರ ಹೇಳ್ಯಾನೇನು," ಎಂದು ಹೊರಗೆ ನಡೆದುಬಿಟ್ಟ. ಅಲ್ಲಿಗೆ ಆ ಅಂಗಡಿಯ ಋಣ ತೀರಿತು.

ಕಡೆಗೆ ಕಾರು ಸಿಕ್ಕಿದ್ದು ಬಾದಾಮಿಯಲ್ಲಿ. ಮಾಲೀಕರು ನಿವೃತ್ತ ಬಸ್ ಡ್ರೈವರು. ಮಾವನ ಮಾತಿನಂತೆ ಹೇಳದೆ ಕೇಳದೆ ನಸುಕಿನಲ್ಲೇ ಅವರ ಓಣಿಗೆ ಹೋದೆವು. ಅವರು ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಾಗಿಲು ತೆಗೆದರು. ಶೇಂಗಾ ಸಿಪ್ಪೆಯ ಬಣ್ಣದ, ಪೆಟ್ರೋಲಿನ ಸಣ್ಣ ಕಾರು. ಕೀಲಿ ತಿರುವಿದ ಕೂಡಲೇ ಎದ್ದಿತು. ನಾನು ಓಣಿಯಲ್ಲಿ ಮೆಲ್ಲಗೆ ಓಡಿಸಿದೆ. ಮಾವ ಹಿಂದೆ ಹಿಂದೆ ನಡೆಯುತ್ತ, ಬಗ್ಗಿ, ಅದರ ಹಿಂಗಾಲುಗಳ ನಡಿಗೆಯನ್ನು ಪರೀಕ್ಷಿಸಿದ. ಓಣಿಯ ಹೆಂಗಸರು ನೀರು ತುಂಬುವುದನ್ನು ಬಿಟ್ಟು ನಿಂತು ನೋಡಿದರು.

"ಮೂವತ್ತು ವರ್ಷ ಬಸ್ ಹೊಡದೇನ್ರಿ. ಇದನ್ನ ಒಂದಿನಾನೂ ಜೋರಾಗಿ ತುಳಿದಿಲ್ಲ," ಎಂದರು ಡ್ರೈವರು. ಟಾಕಿ ತುಂಬಿಸಿ ಕೆರೂರಿಗೆ ಹೋಗಿ ಬಂದು, ಮತ್ತೆ ತುಂಬಿಸಿ, ನನ್ನ ಗಂಡ ಲೀಟರಿಗೆ ಎಷ್ಟು ಓಡಿತೆಂದು ದಶಮಾಂಶದ ಎರಡು ಸ್ಥಾನದವರೆಗೆ ಭಾಗಾಕಾರ ಮಾಡಿದರು. ಮಾವ ಹಾಳೆ ನೋಡದೆಯೇ, "ಸಣ್ಣ ಹೊಟ್ಟಿ. ತಿಂದದ್ದು ಮೈಗೆ ಹತ್ತತೈತಿ," ಎಂದ. ಇಬ್ಬರ ಅಭಿಪ್ರಾಯವೂ ಒಂದೇ ಆದದ್ದು ಅದೇ ಮೊದಲು.

ನಮ್ಮ ಬುದ್ಧಿಗೆ ಮಂಕು ಕವಿದದ್ದು ಆಮೇಲೆ. ನಮ್ಮ ಕಡೆ ಕುರಿ, ಎತ್ತು, ಎಮ್ಮೆ ಏನನ್ನೇ ಮಾರಿದರೂ ಹಗ್ಗವನ್ನು ಕೊಡುವುದಿಲ್ಲ. ಹಗ್ಗ ಹೋದರೆ ಹಟ್ಟಿಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆಂಬ ನಂಬಿಕೆ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಕಾಗದಗಳಿಗೆ ಸಹಿಯಾಗಿ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಮಾವ, "ಹಗ್ಗ ನಿಮ್ಮದು ನೀವ ಇಟ್ಕೋರಿ ಡ್ರೈವರ್ ಸಾಹೇಬ್ರ, ನಮಗ ಬ್ಯಾಡ," ಎಂದ. ಅವರೂ ಮನೆಯಲ್ಲಿ ದನಕರು ಕಟ್ಟಿದವರೇ. "ಖರೆ ಐತ್ರಿ," ಎಂದು ಕುಳಿತುಬಿಟ್ಟರು.

ಕಾರಿನ ಹಗ್ಗ ಯಾವುದು ಎಂಬ ಚರ್ಚೆ ಎರಡು ಚಹಾ ಮುಗಿಯುವವರೆಗೆ ನಡೆಯಿತು. ಸೀಟಿನ ಬೆಲ್ಟು ಇರಬಹುದು ಎಂದು ನನ್ನ ಗಂಡ ಕುಹಕವಾಡಿದರು. ಹಿರಿಯರಿಬ್ಬರೂ ಅದನ್ನು ಗಂಭೀರವಾಗಿ ತೆಗೆದುಕೊಂಡು, ಎಳೆದು ನೋಡಿ, ಅಲ್ಲ ಎಂದು ಬಿಟ್ಟರು. ಕೊನೆಗೆ ಡ್ರೈವರು ಒಳಗಿಂದ ಎರಡನೇ ಕೀಲಿಯನ್ನು ತಂದರು. ಅದಕ್ಕೆ ಕರಿ ಉಣ್ಣೆಯ ದಾರ ಕಟ್ಟಿತ್ತು.

"ಇದ ಹಗ್ಗ," ಎಂದ ಮಾವ.

ಡ್ರೈವರು ಅದನ್ನು ಕಣ್ಣಿಗೊತ್ತಿಕೊಂಡು ಗೋಡೆಯಲ್ಲಿನ ದೇವರ ಮಾಡದಲ್ಲಿಟ್ಟರು. ನನ್ನ ಗಂಡ ಹದಿನೇಳನೇ ಚೌಕದಲ್ಲಿ ಟಿಕ್ ಹಾಕಿದರು, ಏಕೆಂದರೆ ಎರಡನೇ ಕೀಲಿ ಇತ್ತು, ಕಣ್ಣಾರೆ ಕಂಡಿದ್ದರು. ಪದವೀಧರಳಾದ ನಾನೂ ಭಕ್ತಿಯಿಂದ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಮಾವ ತನ್ನದೊಂದು ಕರಿ ದಾರವನ್ನು ಒಳಗಿನ ಕನ್ನಡಿಗೆ ಕಟ್ಟಿ, "ಯವ್ವಾ, ಹೊಸಾ ಮನಿಗೆ ಬಂದೈತಿ. ಒಂದ್ ವಾರ ಪೂರಾ ಮುಚ್ಚಬ್ಯಾಡ. ಎರಡು ಬೆರಳು ಕಿಡಕಿ ತಗದಿಡು, ಉಸರಾಡ್ಲಿ," ಎಂದು ಹೇಳಿ ಬಸ್ಸು ಹತ್ತಿದ. ಕಿಟಕಿ ತೆರೆದರೆ ಗಾಳಿ ತಡೆದು ಎಣ್ಣೆ ಹೆಚ್ಚು ಸುಡುತ್ತದೆಂದು ನನ್ನ ಗಂಡ ಬೋರ್ಡಿಲ್ಲದೆಯೇ ಪಾಠ ಮಾಡಿದರು. ಗಂಡನ ಸಿಟ್ಟು ಸಂಜೆಗೆ ಇಳಿಯುತ್ತದೆ, ಮಾವನ ಫೋನು ನಿಲ್ಲುವುದಿಲ್ಲ. ಎರಡು ಬೆರಳು ಕಿಟಕಿ ತೆರೆದೇ ಇಟ್ಟೆ.

ಮೊದಲ ದಿನ ಏಳೂ ಮುಕ್ಕಾಲಿಗೆ ಹೊರಟೆ. ಶಿರೂರು ದಾಟುವಾಗ ಮುಂದೆ ನನ್ನ ಆ ಬಸ್ಸು ಹೋಗುತ್ತಿತ್ತು. ಹಾರ್ನ್ ಹೊಡೆದು ಅದನ್ನು ಹಿಂದೆ ಹಾಕಿದೆ. ಇಷ್ಟು ವರ್ಷದ ಸಿಟ್ಟೆಲ್ಲ ತೀರಿ ಮೈ ಹಗುರಾಯಿತು, ಕಾರಿನೊಳಗೆ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಅಮೀನಗಡ ಬಂದಾಗ ಇನ್ನೂ ಎಂಟೂವರೆ. ಸಮಯ ರಾಶಿ ಬಿದ್ದಿತ್ತು. ಕಚೇರಿಯವರಿಗೆ ಕರದಂಟು ಕೊಳ್ಳೋಣವೆಂದು ರಸ್ತೆಬದಿ ನಿಲ್ಲಿಸಿದೆ. ಆರಿಸಿ ಮತ್ತೆ ಚಾಲೂ ಮಾಡಿದರೆ ಎಣ್ಣೆ ದಂಡವೆಂದು ಯಾರೋ ಹೇಳಿದ್ದು ನೆನಪಾಗಿ ಎಂಜಿನ್ ಆರಿಸಲಿಲ್ಲ. ಗುಂಡಿ ಒತ್ತಿ, ಹಿಡಿ ಎತ್ತಿ ಹಿಡಿದು ಬಾಗಿಲು ಹಾಕಿದರೆ ಕೀಲಿಯಿಲ್ಲದೆಯೂ ಲಾಕ್ ಆಗುತ್ತದೆಂದು ಡ್ರೈವರು ಕಲಿಸಿದ್ದರು. ನಾನು ಆ ಪಾಠವನ್ನು ಚೆನ್ನಾಗಿ ಕಲಿತಿದ್ದೆ.

ಕೀಲಿ ಒಳಗೆ, ಚೀಲ ಒಳಗೆ, ನಾನು ಹೊರಗೆ. ಎರಡು ಹನಿ ಉಳಿಸಲು ಹೋದ ನನ್ನ ಮುಂದೆ ಕಾರು ನಿಂತಲ್ಲೇ ಪೆಟ್ರೋಲು ಕುಡಿಯುತ್ತಿತ್ತು. ಕೈಯಲ್ಲಿದ್ದ ಫೋನಿನಿಂದ ಗಂಡನಿಗೆ ಕರೆ ಮಾಡಿದೆ.

"ಎರಡನೇ ಕೀಲಿ ಎಲ್ಲೈತ್ರಿ?"

"ಹದಿನೇಳನೇ ಪ್ರಶ್ನಿ. ಟಿಕ್ ಹಾಕೇನಿ," ಎಂದವರು ದನಿ ತಗ್ಗಿಸಿದರು. "ಬಾದಾಮ್ಯಾಗ ಐತಿ. ಐತೇನು ಅಂತ ಬರ್ಕೊಂಡಿದ್ದೆ. ಎಲ್ಲಿರತೈತಿ ಅಂತ ಬರ್ಕೊಂಡಿರಲಿಲ್ಲ."

ಅಷ್ಟರಲ್ಲಿ ಹಿಂದೆ ಹಾಕಿದ್ದ ಬಸ್ಸು ಬಂದು, ನನ್ನ ಪಕ್ಕದಲ್ಲೇ ಇಬ್ಬರನ್ನು ಇಳಿಸಿ, ಮುಂದೆ ಹೋಯಿತು. ಹತ್ತಿಬಿಡಬಹುದಿತ್ತು. ಆದರೆ ಉರಿಯುವ ಒಲೆ ಬಿಟ್ಟು ಹೋಗುವುದು ಹೇಗೆ? ಇಳಕಲ್ಲಿನ ರೂಮು, ಅದರ ಮೂಲೆಯಲ್ಲೊಂದು ಒಲೆ, ಒಬ್ಬಳಿಗೇ ಒಂದು ಲೋಟ ಚಹಾ ಎಲ್ಲ ಕಣ್ಣೆದುರು ಬಂದು ನನಗೆ ಅಳುವೇ ಬಂತು. ಅಳುತ್ತಲೇ ಮಾವನಿಗೆ ಫೋನ್ ಮಾಡಿ ಬೈದೆ. ಹಗ್ಗಕ್ಕೂ ಬೈದೆ, ಕಂಬಳಿಗೂ ಬೈದೆ.

ಮಾವ ಎಲ್ಲ ಕೇಳಿಸಿಕೊಂಡು, "ಕಿಡಕಿ ತಗದೀ ಇಲ್ಲೋ," ಎಂದ.

"ಎರಡು ಬೆರಳು."

"ಇವತ್ತ ಅಲ್ಲಿ ಕುರಿ ಸಂತಿ. ಕೈಯಾಗ ಕೊಕ್ಕಿಕೋಲು ಇದ್ದಾಂವ ಯಾಂವರ ಕಾಣ್ತಾನೇನು ನೋಡು. ಅವಗ ಫೋನ್ ಕೊಡು."

ಹತ್ತಿರದಲ್ಲೇ ಹಿಂಡು ಹೊಡೆದುಕೊಂಡು ಹೊರಟಿದ್ದ ಒಬ್ಬರ ಕೈಯಲ್ಲಿ ಜಾಲಿಕಾಯಿ ಎಳೆಯುವ ಉದ್ದನೆಯ ಕೋಲಿತ್ತು, ತುದಿಗೆ ಸಣ್ಣ ಕೊಕ್ಕೆ. ಮಾವ ಅವರಿಗೆ ಅದೇನು ಹೇಳಿದನೋ, ಅವರು ಫೋನ್ ಮರಳಿಸಿ, ಕೋಲನ್ನು ಕಿಟಕಿಯ ಸಂದಿಯಲ್ಲಿ ಇಳಿಬಿಟ್ಟರು. ಮೊದಲ ಪ್ರಯತ್ನಕ್ಕೆ ಹಾರ್ನ್ ಕೂಗಿ ಹಿಂಡು ಚದುರಿತು. ಎರಡನೆಯದಕ್ಕೆ ಗಾಜು ಒರೆಸುವ ಕಡ್ಡಿಗಳು ಅತ್ತಿತ್ತ ಆಡತೊಡಗಿದವು. ಕೂಡಿದ ಜನ ಎಡಕ್ಕೆ, ಬಲಕ್ಕೆ ಎಂದು ಸಲಹೆ ಕೊಟ್ಟರು. ಒಂದು ಟಗರು ನಂಬರ್ ಪ್ಲೇಟನ್ನು ನೆಕ್ಕಿ ನೋಡಿತು. ಐದನೆಯದಕ್ಕೆ ಗುಂಡಿ ಟಕ್ಕೆಂದು ಮೇಲೆದ್ದಿತು. ಎಷ್ಟು ಬೇಡಿಕೊಂಡರೂ ಅವರು ಏನೂ ತೆಗೆದುಕೊಳ್ಳಲಿಲ್ಲ. ಕಾರಿನ ಬೆನ್ನು ತಟ್ಟಿ, "ದಿನಕ್ಕೆಷ್ಟು ತಿಂತೈತ್ರಿ ಇದು," ಎಂದು ಮಾತ್ರ ಕೇಳಿದರು. ನಾನು ದಶಮಾಂಶ ಸಮೇತ ಹೇಳಿದೆ.

ಹುನಗುಂದ ದಾಟಿ ನಾಲ್ಕು ಪಥದ ರಸ್ತೆಗೆ ಬಿದ್ದ ಮೇಲೆ ಆ ಸಣ್ಣ ಹೊಟ್ಟೆಯ ಕಾರು ನನ್ನ ಮಾನ ಉಳಿಸಿತು. ಹುನಗುಂದದಲ್ಲಿ ನಿಂತು ಹೊರಟಿದ್ದ ಬಸ್ಸನ್ನು ಮತ್ತೆ ಹಿಂದೆ ಹಾಕಿದೆ, ಈ ಸಲ ಹಾರ್ನ್ ಹೊಡೆಯಲಿಲ್ಲ. ಕಚೇರಿಯ ಯಂತ್ರ ನನ್ನ ಧೂಳು ಹತ್ತಿದ ಹೆಬ್ಬೆರಳನ್ನು ಒಮ್ಮೆ ತಿರಸ್ಕರಿಸಿತು. ಸೆರಗಿಗೆ ಒರೆಸಿ ಒತ್ತಿದೆ, ಹತ್ತಕ್ಕೆ ಎರಡು ನಿಮಿಷವಿತ್ತು. ಸಾಹೇಬರು ಗಡಿಯಾರ ನೋಡಿ, ನನ್ನನ್ನು ನೋಡಿ, "ಮೇಡಮ್ಮಾರ, ಸೀರಿಗೆ ಕುರಿ ಕೂದಲಾ ಹತ್ತೈತ್ರಿ," ಎಂದರು. ರೂಮಿನ ಮಾತು ಎತ್ತಲಿಲ್ಲ.

ಎರಡನೇ ಕೀಲಿಯನ್ನು ಮರಳಿ ಕೇಳಲು ಮಾವ ಬಿಡಲಿಲ್ಲ. ಅದಿನ್ನೂ ಬಾದಾಮಿಯ ದೇವರ ಮಾಡದಲ್ಲೇ ಇದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಳಕಲ್ಲಿನಲ್ಲೇ ನಕಲು ಕೀಲಿ ಮಾಡಿಸಿಕೊಂಡೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಒಳಗೆ ಚಹಾ ಕುದಿಯುವ ವಾಸನೆ ಬರುತ್ತಿತ್ತು. ಕಟ್ಟೆಯ ಮೇಲೆ ಚುರುಮುರಿಯ ಬುಟ್ಟಿ, ಅದರ ಪಕ್ಕದಲ್ಲಿ ನೋಟ್‌ಬುಕ್ಕು. ಹದಿನೇಳನೇ ಟಿಕ್ಕನ್ನು ಹೊಡೆದು ಹಾಕಿದ್ದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಾಳೆಯ ಕೆಳಗಿನ ಮಡಿಕೆ ಬಿಡಿಸಿದೆ. ಅಲ್ಲಿ ಪೆನ್ಸಿಲಿನಲ್ಲಿ ಮೂವತ್ತೊಂದನೇ ಪ್ರಶ್ನೆ ಇತ್ತು: "ಸಂಜೆ ಚಹಾಕ್ಕೆ ಮನೆಗೆ ಕರೆತರುತ್ತದೆಯೇ?" ಅದರ ಮುಂದಿನ ಚೌಕ ಖಾಲಿಯಿತ್ತು.

ಪೆನ್ಸಿಲು ಅಲ್ಲೇ ಇತ್ತು, ಟಿಕ್ ಹಾಕಿದೆ. ನನ್ನ ಗಂಡ ಎರಡು ಲೋಟ ಹಿಡಿದು ಹೊರಗೆ ಬಂದವರು ಹಾಳೆ ನೋಡಿ, ನನ್ನನ್ನು ನೋಡಿ, ಲೋಟ ಕೈಗಿತ್ತರು.

"ಕಿಡಕಿ ಇನ್ನೂ ತಗದೈತಿ ನೋಡು," ಎಂದರು.

"ಇರಲಿ ಬಿಡ್ರಿ, ಉಸರಾಡ್ಲಿ," ಎಂದೆ, ಮತ್ತು ಅವರ ಪಕ್ಕ ಕುಳಿತೆ.